ಬೆಂಕಿಕಡ್ಡಿ ಗೂಡುಗಳು

ಬೆಂಕಿಕಡ್ಡಿಯನ್ನೋ ಕಡ್ಡಿಪೆಟ್ಟಿಗೆಯನ್ನೋ ಮನೆಯಲ್ಲಿ ಕೈಗೆ ಸಿಗುವಂತೆ, ತೇವ ತಾಗದಂತೆ, ಮಕ್ಕಳಿಗೆ ಎಟುಕದಂತೆ ಇಡಲು ಮಾಡಿದ ಅಲಂಕಾರಿಕ ಪಾತ್ರೆ, ಕವಚ ಮತ್ತು ಗೋಡೆಗೂಡುಗಳನ್ನು ಇಲ್ಲಿ ಒಟ್ಟಾಗಿ ಬೆಂಕಿಕಡ್ಡಿ ಗೂಡುಗಳೆಂದು ಕರೆಯಲಾಗಿದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಇವು ಯುರೋಪು, ಅಮೆರಿಕ, ಜಪಾನ್ ಮತ್ತು ಭಾರತದಲ್ಲಿ ಹಲವು ರೂಪಗಳಲ್ಲಿ ತಯಾರಾದವು. ಎರಕದ ಕಬ್ಬಿಣ, ತಗಡು, ಹಿತ್ತಾಳೆ, ಬೆಳ್ಳಿ, ಪಿಂಗಾಣಿ, ಗಾಜು, ಮರ ಇವುಗಳ ಮುಖ್ಯ ಸಾಮಗ್ರಿ. ಕಡ್ಡಿಯ ರಸಾಯನ ಬದಲಾದಂತೆಲ್ಲ ಗೂಡಿನ ಆಕಾರವೂ ಬದಲಾಗಿದೆ. ಕಡ್ಡಿ ಅಪಾಯಕಾರಿಯಾಗಿದ್ದಾಗ ಅದನ್ನು ಬಂಧಿಸಿಡುವ ಲೋಹದ ಡಬ್ಬಿ ಬೇಕಿತ್ತು. ಕಡ್ಡಿ ಸುರಕ್ಷಿತವಾಗಿ ತನ್ನದೇ ಪೆಟ್ಟಿಗೆಯಲ್ಲಿ ಬಂದ ಮೇಲೆ ಆ ಪೆಟ್ಟಿಗೆಗೆ ತೊಡಿಸುವ ಅಂಗಿ ಸಾಕಾಯಿತು. ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಗಳಲ್ಲಿ ಈ ವಸ್ತುವಿಗೆ ಸಿಕ್ಕಿದ ಜಾಗವನ್ನು ತಿಳಿಯಲು ಈ ಹಿನ್ನೆಲೆ ಬೇಕು.

ಕಡ್ಡಿ ಬರುವ ಮೊದಲು

ಬೆಂಕಿಕಡ್ಡಿ ಬರುವ ಮೊದಲು ಮನೆಯ ಬೆಂಕಿಯನ್ನು ಹೊಸದಾಗಿ ಹುಟ್ಟಿಸುತ್ತಿದ್ದುದು ಕಡಿಮೆ, ಕಾಯ್ದಿಡುತ್ತಿದ್ದುದೇ ಹೆಚ್ಚು. ರಾತ್ರಿ ಅಡುಗೆ ಮುಗಿದ ಮೇಲೆ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಿಗ್ಗೆ ಬೂದಿ ಸರಿಸಿ ಊದುಗೊಳವೆಯಿಂದ ಊದಿ ಉರಿ ಎಬ್ಬಿಸುವುದು ರೂಢಿ. ಕೆಂಡ ಆರಿಹೋದರೆ ನೆರೆಮನೆಯಿಂದ ಕುಳ್ಳಿನ ಚೂರಿನ ಮೇಲೆ ಬೆಂಕಿ ತರುತ್ತಿದ್ದರು.

ಹೊಲ, ಅಡವಿ, ದಾರಿಗಳಲ್ಲಿ ಇರುವವರಿಗೆ ಚಕಮಕಿಯೇ ಗತಿ. ಇದರಲ್ಲಿ ಮೂರು ಭಾಗ: ಉಕ್ಕಿನ ಸಣ್ಣ ತುಂಡು, ಚೂಪು ಅಂಚಿನ ಬೆಣಚುಕಲ್ಲು, ಕಿಡಿ ಹಿಡಿಯಲು ಹತ್ತಿ ಅಥವಾ ಬೂರುಗದ ಅರಳೆ. ಅರಳೆಯ ಎಳೆ ಕಲ್ಲಿನ ಅಂಚಿಗೆ ತಾಗುವಂತೆ ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಗೈಯ ಉಕ್ಕಿನಿಂದ ಕಲ್ಲನ್ನು ಮೇಲಿನಿಂದ ಸವರಿದಂತೆ ಹೊಡೆಯಬೇಕು. ಕಿಡಿ ಎನ್ನುವುದು ಕಲ್ಲಿನದಲ್ಲ. ಕಲ್ಲಿನ ಅಂಚು ಉಕ್ಕಿನಿಂದ ಕೆತ್ತಿ ತೆಗೆದ ಅತಿ ಸಣ್ಣ ಚೂರು ಗಾಳಿಯಲ್ಲಿ ಉರಿದು ಕಾಣುವ ಬೆಳಕು ಅದು. ಕಿಡಿ ಅರಳೆಗೆ ಬಿದ್ದರೆ ಜ್ವಾಲೆ ಏಳುವುದಿಲ್ಲ, ಕೆಂಪುಗಟ್ಟಿದ ಚುಕ್ಕೆಯೊಂದು ಹರಡತೊಡಗುತ್ತದೆ. ಚಿಲುಮೆಗೆ ಅಷ್ಟೇ ಸಾಕು. ಒಲೆಗಾದರೆ ಒಣಹುಲ್ಲಿನಲ್ಲಿಟ್ಟು ಊದಬೇಕು. ಈ ಸಾಮಗ್ರಿ ಒದ್ದೆಯಾದರೆ ಕೆಲಸಕ್ಕೆ ಬಾರದ್ದರಿಂದ ಅದನ್ನು ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕುಗಳ ಜೊತೆ ಚಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಹಲವು ಒಳಜೇಬುಗಳಿರುವ, ದಾರ ಎಳೆದು ಸುತ್ತಿಡುವ ಈ ಬಟ್ಟೆಯ ಚೀಲವನ್ನು ನಮ್ಮ ಭಾಗದ ಮಟ್ಟಿಗೆ ಬೆಂಕಿ ಸಾಮಗ್ರಿಯ ಮೊದಲ ಅಲಂಕಾರಿಕ ಕೋಶವೆಂದು ಕರೆಯಬಹುದು.

ಕಡ್ಡಿಯ ರಸಾಯನ, ಗೂಡಿನ ಹುಟ್ಟು

ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ 1827ರಲ್ಲಿ ಉಜ್ಜಿದರೆ ಹೊತ್ತುವ ಕಡ್ಡಿಯನ್ನು ಮಾರತೊಡಗಿದ. ಅದನ್ನು ಮಡಿಸಿದ ಮರಳುಕಾಗದದ ನಡುವೆ ಇಟ್ಟು ಎಳೆಯಬೇಕಿತ್ತು. 1830ರ ಸುಮಾರಿಗೆ ಫ್ರಾನ್ಸಿನ ಶಾರ್ಲ್ ಸೋರಿಯಾ ಬಿಳಿ ರಂಜಕ ಬೆರೆಸಿದ ಕಡ್ಡಿ ಮಾಡಿದ. ಇದು ಯಾವ ಒರಟು ಜಾಗಕ್ಕೆ ಗೀರಿದರೂ ಹೊತ್ತುತ್ತಿತ್ತು. ಗೋಡೆಗೆ, ಬೂಟಿನ ಅಟ್ಟೆಗೆ, ಮೇಜಿನ ಅಡಿಗೆ ಗೀರುವ ಅನುಕೂಲದ ಜೊತೆಗೆ, ಬಿಸಿಲಿಗೋ ಕಾಲ್ತುಳಿತಕ್ಕೋ ತಾನೇ ಹೊತ್ತಿಕೊಳ್ಳುವ ಅಪಾಯವೂ ಬಂತು. ಇಲಿ ಕಡಿದು ಬೆಂಕಿ ಬೀಳುತ್ತದೆಂಬ ಭಯವೂ ಇತ್ತು. ಹೀಗಾಗಿ ಕಡ್ಡಿಗಳನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ಇಡುವುದು ಅನಿವಾರ್ಯವಾಯಿತು. ಅಲಂಕಾರಿಕ ಗೂಡುಗಳ ಮೂಲ ಇಲ್ಲಿದೆ.

ಬಿಳಿ ರಂಜಕ ಮನೆಯವರಿಗಿಂತ ಕಾರ್ಖಾನೆಯ ಕೆಲಸಗಾರರಿಗೆ ಹೆಚ್ಚು ಘಾತಕವಾಗಿತ್ತು. ಅದರ ಆವಿಯಿಂದ ದವಡೆಯ ಮೂಳೆ ಕೊಳೆಯುತ್ತಿತ್ತು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲಿ ಈ ರೋಗವೂ ಸೇರಿತ್ತು. 1906ರ ಬರ್ನ್ ಒಪ್ಪಂದ ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸಿತು. ಭಾರತದಲ್ಲಿ ಇದಕ್ಕಾಗಿ 1913ರಲ್ಲಿ ಪ್ರತ್ಯೇಕ ಕಾಯ್ದೆ ಬಂತು.

ಈ ನಡುವೆ ಸ್ವೀಡನ್ನಿನಲ್ಲಿ ಬೇರೆ ದಾರಿ ಸಿಕ್ಕಿತ್ತು. 1844ರಲ್ಲಿ ಗುಸ್ತಾಫ್ ಎರಿಕ್ ಪಾಶ್, ಹೊತ್ತಲು ಬೇಕಾದ ದ್ರವ್ಯಗಳನ್ನು ಎರಡು ಕಡೆ ಹಂಚುವ ಉಪಾಯಕ್ಕೆ ಹಕ್ಕುಪತ್ರ ಪಡೆದ. ಪೊಟ್ಯಾಸಿಯಂ ಕ್ಲೋರೇಟು, ಗಂಧಕ ಮೊದಲಾದವು ಕಡ್ಡಿಯ ತಲೆಯಲ್ಲಿ, ಕೆಂಪು ರಂಜಕ ಪೆಟ್ಟಿಗೆಯ ಬದಿಯಲ್ಲಿ. ಎರಡೂ ಒಂದಕ್ಕೊಂದು ಉಜ್ಜಿದಾಗ ಮಾತ್ರ ಬೆಂಕಿ. ಯೋನ್‌ಶೋಪಿಂಗ್ ಊರಿನ ಲುಂಡ್‌ಸ್ಟ್ರೋಮ್ ಸಹೋದರರು ಇದನ್ನು ಸುಧಾರಿಸಿ ಮಾರುಕಟ್ಟೆಗೆ ತಂದರು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಹೆಸರು ಬಂತು. ಈ ಸುರಕ್ಷಿತ ಕಡ್ಡಿಯನ್ನು ಪೆಟ್ಟಿಗೆಯಿಂದ ಬೇರ್ಪಡಿಸಿ ಇಡುವುದರಲ್ಲಿ ಅರ್ಥವಿಲ್ಲದಾಯಿತು. ಗೀರುವ ಪಟ್ಟಿ ಇರುವುದು ಪೆಟ್ಟಿಗೆಯ ಮೇಲೆ, ಅದೇ ಕೈಯಲ್ಲಿರಬೇಕು.

ಮುಖ್ಯ ರೂಪಗಳು

ಗೋಡೆಗೂಡು: ಅಡುಗೆಮನೆಯ ಒಲೆಯ ಬಳಿ ಮೊಳೆಗೆ ತೂಗುಹಾಕುವ ತೆರೆದ ಅಥವಾ ಮುಚ್ಚಳದ ಕೋಶ. ಎರಕದ ಕಬ್ಬಿಣದಲ್ಲಿ ದ್ರಾಕ್ಷಿಗೊಂಚಲು, ಬೇಟೆಯ ಚೀಲ, ಬೂಟು, ಪ್ರಾಣಿಯ ಮುಖ ಮೊದಲಾದ ಆಕಾರಗಳಲ್ಲಿ ಅಮೆರಿಕದ ಎರಕಶಾಲೆಗಳು ಇವನ್ನು ಹೇರಳವಾಗಿ ಮಾಡಿದವು. ಕೆಲವುಗಳಲ್ಲಿ ಎರಡು ಬಟ್ಟಲುಗಳಿದ್ದು ಒಂದು ಹೊಸ ಕಡ್ಡಿಗೆ, ಇನ್ನೊಂದು ಉರಿದ ಕಡ್ಡಿಗೆ ಮೀಸಲು. ಮುಂಭಾಗದ ಸಾಲುಗೆರೆಗಳು ಅಲಂಕಾರಕ್ಕೆಂದು ಕಂಡರೂ ಅವು ಗೀರುವ ಜಾಗ. ತಗಡಿನ ಅಗ್ಗದ ಗೂಡುಗಳ ಮೇಲೆ ಅಂಗಡಿ, ಸಾಬೂನು, ಒಲೆ ಕಂಪನಿಗಳ ಜಾಹೀರಾತು ಅಚ್ಚಾಗುತ್ತಿತ್ತು.

ಮೇಜಿನ ಪಾತ್ರೆ: ಪಿಂಗಾಣಿ, ಗಾಜು ಅಥವಾ ಮರದ ಚಿಕ್ಕ ಬಟ್ಟಲು. ಅಡಿಯಲ್ಲೋ ಬದಿಯಲ್ಲೋ ಒರಟು ಪಟ್ಟಿ ಇರುತ್ತದೆ. ದಪ್ಪ ಗಾಜಿನ ಗುಂಡು ಪಾತ್ರೆಗೆ ಬೆಳ್ಳಿಯ ಕಂಠ ಕಟ್ಟಿದ ಮಾದರಿ ಇಂಗ್ಲೆಂಡಿನ ಬೈಠಕ್‌ಖಾನೆಗಳಲ್ಲಿ ಸಾಮಾನ್ಯವಾಗಿತ್ತು.

ಮಲಗುಕೋಣೆಯ ಗೂಡು: ಡಬ್ಬಿಯ ಮುಚ್ಚಳದ ನಡುವೆ ಒಂದೇ ಕಡ್ಡಿ ನಿಲ್ಲುವಷ್ಟು ತೂತಿರುವ ಪುಟ್ಟ ಪಾತ್ರೆ. ಮೇಣದ ಕಡ್ಡಿಯೊಂದನ್ನು ಹೊತ್ತಿಸಿ ಆ ತೂತಿನಲ್ಲಿ ನಿಲ್ಲಿಸಿದರೆ ದೀಪ ಆರಿಸಿದವರು ಮಂಚ ಹತ್ತುವಷ್ಟು ಹೊತ್ತು ಬೆಳಕು ಉಳಿಯುತ್ತಿತ್ತು. ಮೇಣದ ಕಡ್ಡಿಗೆ 1832ರಲ್ಲಿ ವಿಲಿಯಂ ನ್ಯೂಟನ್ ಹಕ್ಕುಪತ್ರ ಪಡೆದಿದ್ದ.

ಜೇಬಿನ ಡಬ್ಬಿ: ಎಲ್ಲಿ ಬೇಕಾದರೂ ಗೀರುವ ಕಡ್ಡಿಗಳಿಗೆ ಮಾಡಿದ ಚಪ್ಪಟೆ ಡಬ್ಬಿ. ಗಟ್ಟಿಯಾಗಿ ಕೂರುವ ಮುಚ್ಚಳ, ಅಡಿಯಲ್ಲಿ ಗೀರುಗೆರೆ, ಗಡಿಯಾರದ ಸರಪಳಿಗೆ ಸಿಕ್ಕಿಸಲು ಬಳೆ ಇದರ ಲಕ್ಷಣ. 1890ರಿಂದ 1920ರವರೆಗಿನ ಇಂಗ್ಲೆಂಡಿನ ಬೆಳ್ಳಿಯ ಡಬ್ಬಿಗಳಲ್ಲಿ ಬಹುಪಾಲು ಬರ್ಮಿಂಗ್‌ಹ್ಯಾಮಿನವು. ಅವುಗಳ ಮೇಲೆ ಆ ಊರಿನ ಲಂಗರಿನ ಮುದ್ರೆ ಇರುತ್ತದೆ.

ಪೆಟ್ಟಿಗೆಯ ಕವಚ: ಸುರಕ್ಷಿತ ಕಡ್ಡಿಯ ಕಾಲದ ವಸ್ತು, ಭಾರತದಲ್ಲಿ ಹೆಚ್ಚಾಗಿ ಸಿಗುವುದೂ ಇದೇ. ಲೋಹದ ತೆಳು ಹಾಳೆಯನ್ನು ಕಡ್ಡಿಪೆಟ್ಟಿಗೆಯ ಅಳತೆಗೆ ಮಡಿಸಿ ಮಾಡುತ್ತಾರೆ. ಮೇಲ್ಮೈ, ಕೆಳಮೈ ಮುಚ್ಚಿರುತ್ತವೆ. ರಂಜಕದ ಪಟ್ಟಿಯಿರುವ ಬದಿಗಳಲ್ಲಿ ಒಂದನ್ನಾದರೂ ತೆರೆದಿಡುತ್ತಾರೆ, ಇಲ್ಲವೇ ಅಲ್ಲಿ ಉದ್ದನೆಯ ಕಿಂಡಿ ಕೊರೆಯುತ್ತಾರೆ. ಕಡ್ಡಿ ಮುಗಿದರೆ ಹಳೆಯ ಪೆಟ್ಟಿಗೆಯನ್ನು ತಳ್ಳಿ ಹೊಸದನ್ನು ತೂರಿಸಿದರೆ ಆಯಿತು. ಕವಚದ ಮೇಲ್ಮೈಯೇ ಕುಶಲಕರ್ಮಿಯ ಕೆತ್ತನೆಗೆ ಸಿಗುವ ಜಾಗ.

ಭಾರತಕ್ಕೆ ಬಂದ ಕಡ್ಡಿ

ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಭಾರತದ ಮಾರುಕಟ್ಟೆಯಲ್ಲಿದ್ದ ಕಡ್ಡಿ ಹೆಚ್ಚಾಗಿ ಸ್ವೀಡನ್, ಆಸ್ಟ್ರಿಯಾ ಮತ್ತು ಜಪಾನಿನದು. ಜಪಾನಿನ ಕೋಬೆಯ ತಯಾರಕರು ಭಾರತಕ್ಕೆಂದೇ ಕೃಷ್ಣ, ಲಕ್ಷ್ಮಿ, ಆನೆ, ಹುಲಿಗಳ ಚಿತ್ರದ ಚೀಟಿಗಳನ್ನು ಅಂಟಿಸಿ ಕಳಿಸುತ್ತಿದ್ದರು. ಅಹಮದಾಬಾದಿನಲ್ಲಿ 1895ರಲ್ಲಿ ಆರಂಭವಾದ ಗುಜರಾತ್ ಇಸ್ಲಾಂ ಮ್ಯಾಚ್ ಫ್ಯಾಕ್ಟರಿ ದೇಶದ ಮೊದಲ ಕಡ್ಡಿ ಕಾರ್ಖಾನೆಗಳಲ್ಲಿ ಒಂದು. 1922ರಲ್ಲಿ ಆಮದು ಕಡ್ಡಿಯ ಮೇಲೆ ಗ್ರೋಸಿಗೆ, ಅಂದರೆ 144 ಪೆಟ್ಟಿಗೆಗೆ, ಒಂದೂವರೆ ರೂಪಾಯಿ ಸುಂಕ ಬಿದ್ದಿತು. ಆಮದು ದುಬಾರಿಯಾದಾಗ ಸ್ವೀಡನ್ನಿನ ಕಡ್ಡಿ ಕಂಪನಿಯೊಂದು ಇಲ್ಲಿಯೇ ಕಾರ್ಖಾನೆ ತೆರೆಯಿತು. ಮುಂಬಯಿ ಬಳಿಯ ಅಂಬರನಾಥದ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ, ಅಂದರೆ ವಿಮ್ಕೊ, ಹುಟ್ಟಿದ್ದು ಹೀಗೆ. ಅದೇ ಹೊತ್ತಿಗೆ ಶಿವಕಾಶಿಯ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತೆಗೆ ಹೋಗಿ ಕೆಲಸ ಕಲಿತು ಬಂದು 1923ರಲ್ಲಿ ಕೈಕೆಲಸದ ಕಡ್ಡಿ ತಯಾರಿಕೆ ಆರಂಭಿಸಿದರು. 1934ರಲ್ಲಿ ಕಡ್ಡಿಯ ಮೇಲೆ ಅಬಕಾರಿ ಸುಂಕ ಬಂತು. ಅಂದಿನಿಂದ ಪ್ರತಿ ಪೆಟ್ಟಿಗೆಗೂ ಸುಂಕದ ಚೀಟಿ ಅಂಟಿಸಬೇಕಾಯಿತು. ಕವಚದೊಳಗೆ ಹಳೆಯ ಪೆಟ್ಟಿಗೆ ಉಳಿದಿದ್ದರೆ ಅದರ ಕಾಲ ಗುರುತಿಸಲು ಈ ಚೀಟಿಯ ತುಣುಕು ನೆರವಾಗುತ್ತದೆ.

ಕಡ್ಡಿ ಭಾರತದ ಹಳ್ಳಿಗಳಿಗೆ ವ್ಯಾಪಕವಾಗಿ ತಲುಪುವ ಹೊತ್ತಿಗೆ ಅದು ಸುರಕ್ಷಿತ ಕಡ್ಡಿಯಾಗಿತ್ತು, ಪೆಟ್ಟಿಗೆಯ ಸಮೇತ ಬರುತ್ತಿತ್ತು. ಬಿಡಿ ಕಡ್ಡಿಗಳನ್ನು ಬಟ್ಟಲಿಗೆ ಸುರಿದಿಡುವ ಯುರೋಪಿನ ರೂಢಿ ಇಲ್ಲಿ ಸಾಹೇಬರ ಬಂಗಲೆ, ಕ್ಲಬ್ಬು, ಅರಮನೆಗಳ ಆಚೆ ಬೇರೂರಲಿಲ್ಲ.

ಕರ್ನಾಟಕದ ಕಸುಬುಗಳಲ್ಲಿ

ಬೀದರಿನ ಬಿದರಿ ಕೆಲಸದಲ್ಲಿ ಕಡ್ಡಿಪೆಟ್ಟಿಗೆಯ ಕವಚ ನೇರವಾಗಿ ಕಾಣಸಿಗುತ್ತದೆ. ಹುಕ್ಕಾದ ಬುಡ, ಪಾನ್‌ದಾನಿ, ಹೂಜಿಗಳಿಗೆ ಹೆಸರಾಗಿದ್ದ ಈ ಕಸುಬು ನವಾಬರ ಆಶ್ರಯ ಕುಗ್ಗಿದ ಮೇಲೆ ಬೂದಿಬಟ್ಟಲು, ಸಿಗರೇಟು ಪೆಟ್ಟಿಗೆ, ಕಡ್ಡಿಪೆಟ್ಟಿಗೆ ಕವಚಗಳಂಥ ಸಣ್ಣ ವಸ್ತುಗಳಿಗೆ ಹೊರಳಿತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನಯಗೊಳಿಸಿ, ಬಳ್ಳಿಯ ಗೆರೆಗಳನ್ನು ಉಳಿಯಿಂದ ತೋಡಿ, ಆ ತೋಡಿಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕ ದೊರೆಯಿತು.

ಬೆಳ್ಳಿಯಲ್ಲಿ ಹೆಸರಾದದ್ದು ದೇವತೆಗಳ ಉಬ್ಬುಚಿತ್ರಗಳಿರುವ 'ಸ್ವಾಮಿ' ಕೆಲಸ. ಮದ್ರಾಸು ಇದರ ಮುಖ್ಯ ನೆಲೆಯಾಗಿತ್ತು, ಬೆಂಗಳೂರಿನಲ್ಲೂ ಈ ಕೆಲಸ ನಡೆಯುತ್ತಿತ್ತು. ಚಹಾದ ಪಾತ್ರೆಗಳ ಜೊತೆ ಬ್ರಿಟಿಷರಿಗಾಗಿ ಜೇಬಿನ ಕಡ್ಡಿ ಡಬ್ಬಿಗಳೂ ಈ ಶೈಲಿಯಲ್ಲಿ ತಯಾರಾದವು. 

ಕವಚಗಳ ಇನ್ನೊಂದು ಗುಂಪು ಯುದ್ಧದ ಜೊತೆ ಬಂದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ತೋಪಿನ ಗುಂಡಿನ ಹಿತ್ತಾಳೆ ಚಿಪ್ಪಿನಿಂದ ಸೈನಿಕರು ಕಡ್ಡಿಪೆಟ್ಟಿಗೆಗೆ ಕವಚ ಮಾಡಿಕೊಳ್ಳುತ್ತಿದ್ದರು. ಅದರ ಮೇಲೆ ತಾವಿದ್ದ ರಣರಂಗದ ಹೆಸರು, ಇಸವಿ, ಪಲ್ಟಣದ ಗುರುತು ಕೊರೆಯುತ್ತಿದ್ದರು. ಇರಾಕಿನ ಅಮಾರಾ, ಬಸ್ರಾಗಳ ಅಕ್ಕಸಾಲಿಗರು ಬೆಳ್ಳಿಯ ಮೇಲೆ ಕಪ್ಪು ರೇಖೆಗಳಲ್ಲಿ ದೋಣಿ, ಒಂಟೆ, ಖರ್ಜೂರದ ಮರ ಬಿಡಿಸಿದ ಕವಚಗಳನ್ನು ಸೈನಿಕರಿಗೆ ಮಾರುತ್ತಿದ್ದರು. ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ, ಹೋರಾಡಿದ ಭಾರತೀಯ ಸೇನೆಯಲ್ಲಿ ಮರಾಠಾ ಪಲ್ಟಣಗಳೂ ಇದ್ದವು. ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಜಿಲ್ಲೆಯ ಸೈನಿಕ ಮನೆತನಗಳ ಪೆಟ್ಟಿಗೆಗಳಲ್ಲಿ ಇಂಥ ಹಿತ್ತಾಳೆ, ಬೆಳ್ಳಿಯ ವಸ್ತು ಕಂಡರೆ ಅದನ್ನು ಗುರುತಿಸಲು ಈ ಸಂಗತಿ ತಿಳಿದಿರಬೇಕು.

ಗಡಿ ತಾಲೂಕುಗಳ ಮನೆಯಲ್ಲಿ

ಬ್ರಿಟಿಷರ ಕಾಲದಲ್ಲಿ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತದಲ್ಲಿದ್ದವು. 1956ರ ನವೆಂಬರ್ 1ರಂದು ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಬಂತು. ಪುಣೆಯಿಂದ ಮಿರಜ ಮೂಲಕ ಬೆಳಗಾವಿಗೆ ಹೋಗುವ ರೈಲುದಾರಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುಡಚಿ, ರಾಯಬಾಗಗಳ ಮೇಲೆ ಹಾದುಹೋದ ಕಾರಣ ಮುಂಬಯಿ ಬಂದರಿನ ಸರಕು ಈ ಭಾಗಕ್ಕೆ ಬರುವುದು ಸುಲಭವಾಯಿತು. ಕಡ್ಡಿಗೆ ಇಲ್ಲಿ ಒಲೆ, ದೀಪಗಳಲ್ಲದೆ ಇನ್ನೊಂದು ದೊಡ್ಡ ಬಳಕೆಯಿತ್ತು, ಅದು ಬೀಡಿ ಹೊತ್ತಿಸುವುದು. ಬೀಡಿ ತಂಬಾಕಿನ ಪೇಟೆಯೆಂದು ಹೆಸರಾದ ನಿಪ್ಪಾಣಿ ಇದೇ ಸೀಮೆಯದು.

ಪಾಲಬಾವಿಯಂಥ ರಾಯಬಾಗ ತಾಲೂಕಿನ ಹಳ್ಳಿಗಳಲ್ಲಿ ಕಡ್ಡಿಪೆಟ್ಟಿಗೆಗೆ 'ಕಡ್ಡಿಪೆಟಗಿ' ಎನ್ನುತ್ತಾರೆ. ಮರಾಠಿ ಮನೆಮಾತಿನವರಿಗೆ ಅದು 'ಕಾಡೆಪೇಟಿ'. ಕಲ್ಲು, ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಯಲ್ಲಿ ಅದಕ್ಕೆ ಸಿಕ್ಕ ಜಾಗ ಮಾಡ, ಅಂದರೆ ಗೋಡೆಯಲ್ಲಿಯೇ ಬಿಟ್ಟ ಗೂಡು. ಗೋಡೆ ಕಟ್ಟುವಾಗಲೇ ಪಡಸಾಲೆ, ಅಡುಗೆಮನೆ, ದೇವರ ಮನೆಗಳಲ್ಲಿ ಎದೆಯೆತ್ತರಕ್ಕೆ ಇಂಥ ಮಾಡಗಳನ್ನು ಬಿಡುತ್ತಿದ್ದರು. ಮೇಲಂಚು ಕಮಾನಾಗಿರಬಹುದು, ಸುತ್ತ ಸುಣ್ಣ, ಕೆಮ್ಮಣ್ಣಿನ ಪಟ್ಟಿ ಬರೆದಿರಬಹುದು. ದೀಪದ ಮಾಡದ ಒಳಮೇಲ್ಭಾಗ ಹೊಗೆ ಹಿಡಿದು ಕಪ್ಪಾಗಿರುತ್ತದೆ. ಎಣ್ಣೆಯ ಕುಡಿಕೆ, ಬತ್ತಿ, ಕಡ್ಡಿಪೆಟ್ಟಿಗೆ ಮೂರೂ ಅಲ್ಲಿಯೇ. ಕತ್ತಲಲ್ಲಿ ಎದ್ದವರು ಕೈಚಾಚಿದರೆ ಸಿಗಬೇಕು ಎನ್ನುವುದೇ ನಿಯಮ. ಅಡುಗೆಮನೆಯ ಮಾಡವನ್ನು ಒಲೆಗೆ ಹತ್ತಿರ ಇಡಲು ಇನ್ನೊಂದು ಕಾರಣ ಮಳೆಗಾಲ. ತೇವಕ್ಕೆ ಪೆಟ್ಟಿಗೆಯ ಬದಿಯ ಪಟ್ಟಿ ಮೆತ್ತಗಾಗಿ ಕಡ್ಡಿ ಗೀರಿದರೆ ಸಿಪ್ಪೆಯಂತೆ ಏಳುತ್ತದೆ. ಒಲೆಯ ಬಿಸುಪು ಅದನ್ನು ಗರಿಗರಿಯಾಗಿ ಇಡುತ್ತದೆ. ಪಡಸಾಲೆಯ ಗೋಡೆಗೆ ಬಡಿದ ಗಿಳಿಗೂಟಗಳಿಗೆ ಅಂಗಿ, ಪಟಗ, ಚಂಚಿ ತೂಗುಬೀಳುತ್ತಿದ್ದವು. ಬೀಡಿ ಸೇದುವವರ ಕಡ್ಡಿಪೆಟ್ಟಿಗೆ ಅಂಗಿಯ ಕಿಸೆಯಲ್ಲಿರುತ್ತಿತ್ತು.

ಸೀಮೆಎಣ್ಣೆ ಬಂದ ಮೇಲೆ ಚಿಮಣಿ, ಕಂದೀಲುಗಳ ಸಂಖ್ಯೆ ಹೆಚ್ಚಿತು, ಖಾಲಿ ಎಣ್ಣೆ ಡಬ್ಬಿಗಳ ತಗಡೂ ಸಿಗತೊಡಗಿತು. ಭಾರತದ ಎಲ್ಲೆಡೆಯಂತೆ ಇಲ್ಲಿಯೂ ತಗಡಿನ ಕೆಲಸದವರು ಆ ಡಬ್ಬಿಗಳನ್ನು ಕತ್ತರಿಸಿ ಚಿಮಣಿ, ಅಳತೆ ಪಾತ್ರೆ, ಗೋಡೆಗೆ ಮೊಳೆ ಹೊಡೆದು ಹಾಕುವ ಸಣ್ಣ ಕೋಶಗಳನ್ನು ಮಾಡುತ್ತಿದ್ದರು. ಇಂಥ ವಸ್ತುವಿಗೆ ತಯಾರಕನ ಮುದ್ರೆ ಇರುವುದಿಲ್ಲ. ಒಳಮೈಯಲ್ಲಿ ಉಳಿದ ಎಣ್ಣೆ ಕಂಪನಿಯ ಅಕ್ಷರವೇ ಅದರ ಮೂಲ ಹೇಳುತ್ತದೆ. ಹೀಗೆ ಶ್ರೀಮಂತ ಮನೆಗೆ ಬೆಳ್ಳಿ, ಹಿತ್ತಾಳೆಯ ಕವಚ, ಸಾಮಾನ್ಯ ಮನೆಗೆ ಮಾಡ ಮತ್ತು ತಗಡಿನ ಕೋಶ. ಪರದೇಶದ ಸಂಗ್ರಾಹಕರ ಪಟ್ಟಿಗಳಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿದೆ. ಈ ಸೀಮೆಯ ಮಟ್ಟಿಗೆ ಎರಡನೆಯದೇ ನಿಜವಾದ ಮಾದರಿ.

ಇಳಿಮುಖ

ಗೂಡುಗಳ ಬಳಕೆ ಕಡಿಮೆಯಾದದ್ದು ಹಂತ ಹಂತವಾಗಿ. ವಿದ್ಯುತ್ ಬಂದು ದಿನದ ದೀಪ ಹಚ್ಚುವ ಕೆಲಸ ದೇವರ ಮನೆಗೆ ಸೀಮಿತವಾಯಿತು. ಕರ್ನಾಟಕದ ಬಡ ಮನೆಗಳಿಗೆ ಒಂದು ದೀಪದ ಸಂಪರ್ಕ ಕೊಟ್ಟ ಭಾಗ್ಯಜ್ಯೋತಿ ಯೋಜನೆಯ ಪಾಲು ಇದರಲ್ಲಿ ದೊಡ್ಡದು. ಅಡುಗೆ ಅನಿಲದ ಜೊತೆ ಕಿಡಿ ಹಾರಿಸುವ ಲೈಟರ್ ಬಂತು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಅನಿಲ ಹಳ್ಳಿಗಳಲ್ಲಿ ಇನ್ನಷ್ಟು ಹರಡಿತು. ಅಗ್ಗದ ಪ್ಲಾಸ್ಟಿಕ್ ಲೈಟರ್ ಬೀಡಿ, ಸಿಗರೇಟಿನವರ ಕಿಸೆ ಸೇರಿತು. ಶಿವಕಾಶಿ, ಕೋವಿಲ್ಪಟ್ಟಿಯ ಕಡ್ಡಿ ತಯಾರಕರ ಒತ್ತಾಯದ ಮೇಲೆ 2023ರಲ್ಲಿ ಕೇಂದ್ರ ಸರ್ಕಾರ 20 ರೂಪಾಯಿಗಿಂತ ಕಡಿಮೆ ಬೆಲೆಯ ಲೈಟರುಗಳ ಆಮದನ್ನು ನಿಷೇಧಿಸಿತು. ಕಡ್ಡಿಪೆಟ್ಟಿಗೆಯ ಬೆಲೆ 2007ರಿಂದ ಒಂದು ರೂಪಾಯಿಯಲ್ಲೇ ನಿಂತಿದ್ದು, 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ ಆಯಿತು. ಮನೆ ಕಟ್ಟುವ ರೀತಿಯೂ ಬದಲಾಗಿದೆ. ಸಿಮೆಂಟು ಇಟ್ಟಿಗೆಯ ತೆಳು ಗೋಡೆಯಲ್ಲಿ ಮಾಡ ಬಿಡಲು ದಪ್ಪವೇ ಇರುವುದಿಲ್ಲ.

ಗುರುತು, ನಕಲು, ಆರೈಕೆ

ಹಳೆಯ ಗೂಡನ್ನು ಗುರುತಿಸಲು ಮೊದಲು ಗೀರುವ ಜಾಗ ನೋಡಬೇಕು. ಮೈಮೇಲೆಯೇ ಒರಟು ಗೆರೆಗಳಿದ್ದರೆ ಅದು ಎಲ್ಲಿ ಬೇಕಾದರೂ ಹೊತ್ತುವ ಕಡ್ಡಿಯ ಕಾಲದ್ದು. ಗೆರೆಯಿಲ್ಲದೆ ಬದಿ ತೆರೆದಿದ್ದರೆ ಸುರಕ್ಷಿತ ಕಡ್ಡಿಪೆಟ್ಟಿಗೆಗೆ ಮಾಡಿದ್ದು. ನಿಜವಾಗಿ ಬಳಸಿದ ವಸ್ತುವಿನಲ್ಲಿ ಗೆರೆಗಳು ನಡುವೆ ಸವೆದು ಅಂಚಿನಲ್ಲಿ ಚೂಪಾಗಿರುತ್ತವೆ. ಎರಕದ ಕಬ್ಬಿಣದ ಗೂಡುಗಳ ಹೊಸ ನಕಲುಗಳು ಮಾರುಕಟ್ಟೆಯಲ್ಲಿ ಬಹಳ. ಮೈ ಮರಳುಮರಳಾಗಿರುವುದು, ಎಲ್ಲೆಡೆ ಒಂದೇ ಸಮನಾದ ಕೆಂಪು ತುಕ್ಕು, ನಕ್ಷತ್ರ ತಲೆಯ ಸ್ಕ್ರೂ ಇವು ನಕಲಿನ ಗುರುತು.

ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ತಿಕ್ಕುವುದು ನಮ್ಮ ಮನೆಗಳ ರೂಢಿ. ಆದರೆ ಕೊರೆದ ಅಕ್ಷರ, ಚಿತ್ರ ಇರುವ ಕವಚವನ್ನು ಹಾಗೆ ಪದೇ ಪದೇ ತಿಕ್ಕಿದರೆ ಗೆರೆ ಸವೆದುಹೋಗುತ್ತದೆ. ಬಿದರಿಗೆ ಹುಳಿ ತಾಗಿಸಲೇಬಾರದು, ಕಪ್ಪು ಬಣ್ಣ ಬಿಡುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದರೆ ಸಾಕು. ತಗಡಿನ ಕೋಶಕ್ಕೆ ಹೊಸ ಬಣ್ಣ ಬಳಿದರೆ ಒಳಗಿನ ಅಕ್ಷರ ಮರೆಯಾಗಿ ಅದರ ಚರಿತ್ರೆಯೂ ಅಳಿಯುತ್ತದೆ. ಹಳೆಯ ಡಬ್ಬಿಯಲ್ಲಿ ಕಡ್ಡಿ ಉಳಿದಿದ್ದರೆ ಗೀರಿ ಪರೀಕ್ಷಿಸಬಾರದು. ಅದು ಬಿಳಿ ರಂಜಕದ ಕಾಲದ್ದೂ ಆಗಿರಬಹುದು.

ಬೆಂಕಿಕಡ್ಡಿಗೆಂದೇ ಮೀಸಲಾದ ಸಂಗ್ರಹಾಲಯ ಸ್ವೀಡನ್ನಿನ ಯೋನ್‌ಶೋಪಿಂಗಿನಲ್ಲಿ 1848ರ ಹಳೆಯ ಕಾರ್ಖಾನೆ ಕಟ್ಟಡದಲ್ಲಿದೆ. ದಿನಬಳಕೆಯ ವಸ್ತುಗಳಿಗೆ ಹೆಸರಾದ ಪುಣೆಯ ರಾಜಾ ದಿನಕರ ಕೇಳಕರ ಸಂಗ್ರಹಾಲಯ, ರಾಮನಗರದ ಜಾನಪದ ಲೋಕ, ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮಗಳಲ್ಲಿ ದೀಪ, ಅಡಕೊತ್ತು, ಸುಣ್ಣದ ಡಬ್ಬಿಗಳಂಥ ಗೃಹವಸ್ತುಗಳನ್ನು ಕಾಣಬಹುದು. ಗಡಿ ತಾಲೂಕುಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ಕಟ್ಟುವ ಕೆಲಸ ಈಗ ಭರದಿಂದ ಸಾಗಿದೆ. ಮೋಡಕಾ (ಗುಜರಿ) ಅಂಗಡಿಗೆ ಹಾಕುವ ಮುನ್ನ ತಗಡಿನ ಕೋಶ, ಹಿತ್ತಾಳೆ ಕವಚ, ಚಂಚಿ, ಚಕಮಕಿಗಳನ್ನು ಬೇರೆ ತೆಗೆದಿಡಬೇಕು. ಪ್ರತಿಯೊಂದೂ ಯಾವ ಊರಿನದು, ಯಾವ ಕೋಣೆಯಲ್ಲಿತ್ತು, ಯಾರು ಬಳಸುತ್ತಿದ್ದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಕೆಡವುವ ಮುನ್ನ ಮಾಡದ ಒಂದು ಫೋಟೊ ತೆಗೆದು ಅದರ ಅಗಲ, ಎತ್ತರ ಗುರುತು ಹಾಕಿಕೊಳ್ಳಬೇಕು. ವಸ್ತುವನ್ನು ದುಡ್ಡು ಕೊಟ್ಟು ಕೊಳ್ಳಬಹುದು, ಈ ವಿವರವನ್ನು ಆ ಮನೆಯವರಲ್ಲದೆ ಬೇರೆ ಯಾರೂ ಬರೆಯಲಾರರು.